ಪೊಟ್ಟಣದ ಮೇಲಿನ ಒಂದು ಸಾಲು: ಮ್ಯಾಗಿ ಪ್ರಕರಣದ ಮರುಓದು

ಸಂಸ್ಥೆಯೊಂದರ ಹೆಸರು ಕೆಟ್ಟ ದಿನ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಕೆಡಲು ಶುರುವಾದ ದಿನವನ್ನು ಮಾತ್ರ ಕಡತಗಳಲ್ಲಿ ಹುಡುಕಬೇಕಾಗುತ್ತದೆ. ಮ್ಯಾಗಿ ಎಂದರೆ ನಮಗೆ ನೆನಪಾಗುವುದು 2015ರ ಜೂನ್ 5, ದೇಶಾದ್ಯಂತ ಅದರ ಮಾರಾಟ ನಿಂತ ದಿನ. ಅದರ ತಯಾರಕ ಕಂಪನಿ ನೆಸ್ಲೆ ಇಂಡಿಯಾದ ಸಂಕಟ ಶುರುವಾದದ್ದು ಅದಕ್ಕೂ 15 ತಿಂಗಳು ಮೊದಲು, ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ. ಆ 15 ತಿಂಗಳಲ್ಲಿ ಏನಾಯಿತು, ಏನಾಗಲಿಲ್ಲ ಎಂಬುದೇ ಈ ಲೇಖನದ ವಿಷಯ.

ಹಿನ್ನೆಲೆಯಾಗಿ ಎರಡು ಹಳೆಯ ಪ್ರಸಂಗಗಳನ್ನು ಹೇಳಬೇಕು. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ಪೆನ್ಸಿಲ್ವೇನಿಯಾ ರೈಲ್ವೆಯ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತವನ್ನು ಮುಚ್ಚಿಡುವುದು ಆಗಿನ ಕಂಪನಿಗಳ ರೂಢಿ. ರೈಲ್ವೆಯ ಪರವಾಗಿ ಕೆಲಸ ಮಾಡುತ್ತಿದ್ದ ಐವಿ ಲೀ ಆ ರೂಢಿ ಮುರಿದು, ನಡೆದದ್ದನ್ನು ತಾವೇ ಪತ್ರಿಕೆಗಳಿಗೆ ಬರೆದುಕೊಟ್ಟರು. ಪತ್ರಿಕಾ ಪ್ರಕಟಣೆ ಎಂಬ ಪದ್ಧತಿಯ ಮೂಲವನ್ನು ಇಲ್ಲಿ ಗುರುತಿಸುವವರಿದ್ದಾರೆ. ಎರಡನೆಯದು 1982ರ ಸೆಪ್ಟೆಂಬರ್ ಕೊನೆಯದು. ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಮಾತ್ರೆಗಳಿಗೆ ಸಯನೈಡ್ ಬೆರೆಸಿದ್ದರು. ಏಳು ಜನ ಸತ್ತರು. ವಿಷ ಬೆರೆತದ್ದು ಕಾರ್ಖಾನೆಯಲ್ಲಲ್ಲ. ಆದರೂ ತಯಾರಕ ಕಂಪನಿ ಜಾನ್ಸನ್ ಅಂಡ್ ಜಾನ್ಸನ್ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿ, ನವೆಂಬರ್‌ನಲ್ಲಿ ಮೂರು ಪದರದ ಮುದ್ರೆಯೊಂದಿಗೆ ಮಾತ್ರೆಗಳನ್ನು ಮತ್ತೆ ಅಂಗಡಿಗೆ ತಂದಿತು. ತಪ್ಪು ಯಾರದೆಂದು ತೀರ್ಮಾನವಾಗುವ ಮೊದಲೇ ಕಂಪನಿ ಗ್ರಾಹಕರ ಪಕ್ಕ ನಿಂತಿತ್ತು. ಮ್ಯಾಗಿ ಪ್ರಕರಣವನ್ನು ಈ ಅಳತೆಗೋಲಿನಿಂದಲೇ ನೋಡಬೇಕು.

2014ರ ಮಾರ್ಚ್‌ನಲ್ಲಿ ಬಾರಾಬಂಕಿಯ ಅಂಗಡಿಯೊಂದರಿಂದ ಆಹಾರ ಇಲಾಖೆಯ ಅಧಿಕಾರಿಗಳು ಮ್ಯಾಗಿ ಪೊಟ್ಟಣಗಳನ್ನು ಮಾದರಿಯಾಗಿ ಒಯ್ದರು. ಪೊಟ್ಟಣದ ಮೇಲೆ ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲೊಂದಿತ್ತು. ಎಂಎಸ್‌ಜಿ ಎಂದರೆ ನಮ್ಮ ಹೋಟೆಲ್ ಅಡುಗೆಮನೆಗಳಲ್ಲಿ ಟೇಸ್ಟಿಂಗ್ ಪೌಡರ್ ಎನ್ನುವ ವಸ್ತು. ಗೋರಖ್‌ಪುರದ ಪ್ರಯೋಗಾಲಯ ಅದು ಇದೆ ಎಂದಿತು. ಕಂಪನಿ ಒಪ್ಪಲಿಲ್ಲ. ಮಾದರಿ ಕೋಲ್ಕತ್ತದ ಕೇಂದ್ರ ಆಹಾರ ಪ್ರಯೋಗಾಲಯಕ್ಕೆ ಹೋಯಿತು. 2015ರ ಏಪ್ರಿಲ್‌ನಲ್ಲಿ ಬಂದ ವರದಿಯಲ್ಲಿ ಎಂಎಸ್‌ಜಿ ಜೊತೆಗೆ ಯಾರೂ ನಿರೀಕ್ಷಿಸದ ಇನ್ನೊಂದು ಅಂಶವಿತ್ತು: ಸೀಸ, ಹತ್ತು ಲಕ್ಷಕ್ಕೆ 17.2 ಭಾಗ. ಅನುಮತಿಸಿದ ಮಿತಿ 2.5.

ಪೊಟ್ಟಣದ ಮೇಲಿನ ಆ ಸಾಲಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಎಂಎಸ್‌ಜಿಯ ಮುಖ್ಯ ಅಂಶವಾದ ಗ್ಲುಟಮೇಟ್ ಗೋಧಿ, ಈರುಳ್ಳಿ, ಟೊಮೆಟೊಗಳಲ್ಲಿ ತಾನಾಗಿಯೇ ಇರುತ್ತದೆ. ಕಂಪನಿ ಹೊರಗಿನಿಂದ ಹಾಕದಿದ್ದರೂ ಪರೀಕ್ಷೆಯಲ್ಲಿ ಅದು ಸಿಕ್ಕೇ ಸಿಗುತ್ತದೆ. ಸಹಜವಾದದ್ದು ಯಾವುದು, ಬೆರೆಸಿದ್ದು ಯಾವುದು ಎಂದು ಬೇರ್ಪಡಿಸುವ ವಿಧಾನವಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಹೇಳಿತು. ಹಾಗಾದರೆ ಅಕ್ಷರಶಃ ಸುಳ್ಳಲ್ಲದ, ಆದರೆ ಓದಿದವರಿಗೆ ‘ಇದರಲ್ಲಿ ಅದು ಇಲ್ಲವೇ ಇಲ್ಲ’ ಎಂದು ಅನ್ನಿಸುವ ಸಾಲು ಅದು. ಮೊದಲ ನೋಟಿಸ್ ಬಂದಾಗಲೇ ಅದನ್ನು ಅಳಿಸಲು ಬೇಕಿದ್ದದ್ದು ಹೊಸ ಮುದ್ರಣದ ಖರ್ಚು ಅಷ್ಟೇ. ಕಂಪನಿ ಮೇಲ್ಮನವಿಯ ದಾರಿ ಹಿಡಿಯಿತು. ವಕೀಲರು ನೋಡುವ ಕಡತವಾಗಿ ಉಳಿದ ವಿಷಯ, ಮಗುವಿಗೆ ಸಂಜೆ ನೂಡಲ್ಸ್ ಮಾಡಿಕೊಡುವ ತಾಯಿಯ ಪ್ರಶ್ನೆಯಾಗಿ ಕಾಣಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮೂಲದೋಷ ಇದೇ.

ಮೇ ತಿಂಗಳಲ್ಲಿ ಸುದ್ದಿ ದೇಶವಿಡೀ ಹರಡಿತು. ಉತ್ಪನ್ನ ಸುರಕ್ಷಿತ ಎಂಬ ಹೇಳಿಕೆಗಳನ್ನು ಕಂಪನಿ ಹೊರಡಿಸುತ್ತಿತ್ತು. ಹೇಳಿಕೆಯ ಹಿಂದೆ ಮುಖವಿರಲಿಲ್ಲ. ಜಾಗತಿಕ ಮುಖ್ಯಸ್ಥ ಪಾಲ್ ಬುಲ್ಕೆ ದೆಹಲಿಯಲ್ಲಿ ಪತ್ರಕರ್ತರ ಮುಂದೆ ಕುಳಿತದ್ದು ಜೂನ್ 5ರಂದು. ಆ ಸಾಲನ್ನು ತೆಗೆಯುತ್ತೇವೆಂದೂ ಅಲ್ಲೇ ಪ್ರಕಟಿಸಿದರು. ಅದೇ ದಿನ ಪ್ರಾಧಿಕಾರ ಒಂಬತ್ತು ಬಗೆಯ ಮ್ಯಾಗಿಯನ್ನೂ ವಾಪಸ್ ಪಡೆಯಲು ಆದೇಶಿಸಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಸುಮಾರು 320 ಕೋಟಿ ರೂಪಾಯಿ ಮೌಲ್ಯದ ಸರಕು ನಾಶವಾಗಲಿದೆಯೆಂದು ಕಂಪನಿ ಅಂದಾಜಿಸಿತು. ವಾಪಸ್ ಬಂದ ನೂಡಲ್ಸ್ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಸುಟ್ಟುಹೋಯಿತು. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ 64.4 ಕೋಟಿ ರೂಪಾಯಿ ನಷ್ಟವಾಯಿತು.

ಸರ್ಕಾರಿ ವ್ಯವಸ್ಥೆಯೂ ಪ್ರಶ್ನಾತೀತವಲ್ಲ. ಮಸಾಲೆ ಪುಡಿಯನ್ನು ಬೇರೆಯಾಗಿ ಪರೀಕ್ಷಿಸಬೇಕೋ, ತಿನ್ನುವ ರೀತಿಯಲ್ಲೇ ನೂಡಲ್ಸ್ ಜೊತೆ ಸೇರಿಸಿ ಪರೀಕ್ಷಿಸಬೇಕೋ ಎಂಬ ಮೂಲ ಪ್ರಶ್ನೆಯಲ್ಲೇ ಎರಡೂ ಕಡೆಯವರಿಗೆ ಒಮ್ಮತವಿರಲಿಲ್ಲ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿತು. ಕಂಪನಿಯ ಅಹವಾಲು ಕೇಳಿರಲಿಲ್ಲ, ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆಯೂ ಇರಲಿಲ್ಲ ಎಂಬುದು ಅದರ ತೀರ್ಪು. ಮೊಹಾಲಿ, ಹೈದರಾಬಾದ್, ಜೈಪುರಗಳಲ್ಲಿ ನಡೆದ ಮರುಪರೀಕ್ಷೆಯಲ್ಲಿ 90 ಮಾದರಿಗಳೂ ಪಾಸಾದವು.

ಈ ಕತೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಮತ್ತೆ ತಯಾರಿಕೆ ಶುರುವಾದ ಮೊದಲ ಘಟಕಗಳಲ್ಲಿ ನಂಜನಗೂಡಿನದೂ ಒಂದು. ಕೇಂದ್ರ ಸರ್ಕಾರ ಗ್ರಾಹಕರ ಪರವಾಗಿ ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಹೂಡಿದ್ದ ಸುಮಾರು 640 ಕೋಟಿ ರೂಪಾಯಿಯ ಪರಿಹಾರ ಮೊಕದ್ದಮೆಯಲ್ಲಿ ಮಾದರಿಗಳನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಗೆ ಕಳಿಸುವಂತೆ ಸುಪ್ರೀಂ ಕೋರ್ಟ್ ಸೂಚಿಸಿತು. ಸೀಸ ಮಿತಿಯೊಳಗಿದೆ ಎಂಬುದು ಅಲ್ಲಿಂದ ಬಂದ ಉತ್ತರ. ಬಾರಾಬಂಕಿಯ ಅಂಗಡಿಯಲ್ಲಿ ಎದ್ದ ಪ್ರಶ್ನೆಗೆ ಕಾರ್ಖಾನೆಯಿಂದ ಕೂಗಳತೆಯಲ್ಲಿದ್ದ ಮೈಸೂರು ಉತ್ತರ ಹೇಳುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

2015ರ ಆಗಸ್ಟ್‌ನಲ್ಲಿ ನೆಸ್ಲೆ ಇಂಡಿಯಾದ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡ ಸುರೇಶ್ ನಾರಾಯಣನ್ ಅವರ ಕಾಲದಲ್ಲಿ, ನವೆಂಬರ್ 9ರಂದು, ದೀಪಾವಳಿಯ ಹೊತ್ತಿಗೆ ಮ್ಯಾಗಿ ಅಂಗಡಿಗೆ ಮರಳಿತು. ರಾಷ್ಟ್ರೀಯ ಗ್ರಾಹಕ ಆಯೋಗ ಸರ್ಕಾರದ ಮೊಕದ್ದಮೆಯನ್ನು ವಜಾ ಮಾಡಿದ್ದು 2024ರ ಏಪ್ರಿಲ್‌ನಲ್ಲಿ. ಕಂಪನಿ ಪರೀಕ್ಷೆಗಳಲ್ಲಿ ಗೆದ್ದಿತು, ಕೋರ್ಟಿನಲ್ಲೂ ಗೆದ್ದಿತು. 2015ರ ಜೂನ್‌ನಲ್ಲಿ ತೆಗೆಯಲು ಒಪ್ಪಿದ ಆ ಒಂದು ಸಾಲನ್ನು ಅದು 2014ರಲ್ಲೇ ತೆಗೆಯಬೇಕಿತ್ತು.