ಸೋಲಿಗೆ ಹೆಗಲು ಕೊಟ್ಟ ಹಿರಿಯರು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆ ಹುಟ್ಟಿದ್ದು ಹಟ್ಟಿಯಲ್ಲಾದರೂ ಅದರ ಅನುಭವ ಹೆಚ್ಚಾಗಿ ಆಗುವುದು ಕಚೇರಿಗಳಲ್ಲಿ. ಕೆಲಸ ಕೆಟ್ಟಾಗ ತಪ್ಪು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಗಿ ಕೊನೆಗೆ ಯಾರೋ ಕಿರಿಯ ನೌಕರನ ತಲೆಯ ಮೇಲೆ ಕೂರುತ್ತದೆ. ಕೆಲಸ ಕೈಗೂಡಿದಾಗ ಕೀರ್ತಿ ಕೆಳಗಿನಿಂದ ಮೇಲಕ್ಕೆ ಏರಿ ಹಿರಿಯ ಅಧಿಕಾರಿಯ ಕೊರಳಿಗೆ ಹಾರವಾಗುತ್ತದೆ. ಈ ರೂಢಿಯನ್ನು ಬುಡಮೇಲು ಮಾಡಿದ ಮೇಲಧಿಕಾರಿಗಳು ಅಪರೂಪ. ಭಾರತದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ‘ಇಸ್ರೋ’ವನ್ನು 1972ರಿಂದ 1984ರವರೆಗೆ ಮುನ್ನಡೆಸಿದ ಪ್ರೊ. ಸತೀಶ್ ಧವನ್ ಅಂಥವರಲ್ಲಿ ಒಬ್ಬರು.

1979ರ ಆಗಸ್ಟ್ 10ರ ಬೆಳಿಗ್ಗೆ ಆಂಧ್ರದ ಶ್ರೀಹರಿಕೋಟಾದಿಂದ ಎಸ್ಎಲ್‌ವಿ-3 ರಾಕೆಟ್ ಮೊದಲ ಬಾರಿ ಮೇಲೇರಿತು. ನಾಲ್ಕು ಹಂತಗಳ, 17 ಟನ್ ತೂಕದ ಈ ರಾಕೆಟ್ ದೇಶದ ಮೊದಲ ಉಪಗ್ರಹ ಉಡಾವಣಾ ವಾಹನ. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಮೊದಲ ಹಂತ ಸರಿಯಾಗಿಯೇ ಉರಿಯಿತು. ಎರಡನೆಯ ಹಂತದಲ್ಲಿ ರಾಕೆಟ್ ಹತೋಟಿ ತಪ್ಪಿತು. ಹಾರಿದ 317 ಸೆಕೆಂಡುಗಳಲ್ಲಿ ವರ್ಷಗಳ ದುಡಿಮೆ ಬಂಗಾಳ ಕೊಲ್ಲಿಯ ಪಾಲಾಯಿತು.

ಪತ್ರಕರ್ತರು ಕಾದಿದ್ದರು. ಬಡ ದೇಶಕ್ಕೆ ರಾಕೆಟ್ ಏಕೆ ಎಂಬ ಪ್ರಶ್ನೆ ಮೊದಲೇ ಇತ್ತು; ಕೋಟಿಗಟ್ಟಲೆ ಹಣ ಸಮುದ್ರಕ್ಕೆ ಸುರಿದರೆಂಬ ಟೀಕೆ ಈಗ ಅದಕ್ಕೆ ಸೇರಿಕೊಂಡಿತು. ಯೋಜನೆಯ ನಿರ್ದೇಶಕರನ್ನು ಮುಂದೆ ತಳ್ಳಿ ಸುಮ್ಮನಿರುವುದು ಅಧ್ಯಕ್ಷರಿಗೆ ಕಷ್ಟವೇನೂ ಆಗಿರಲಿಲ್ಲ. ಧವನ್ ಹಾಗೆ ಮಾಡಲಿಲ್ಲ. ಕಲಾಂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪತ್ರಕರ್ತರನ್ನು ತಾವೇ ಎದುರಿಸಿದರು. ಸೋತಿದ್ದೇವೆ ಎಂದು ಒಪ್ಪಿಕೊಂಡರು, ತಮ್ಮ ತಂಡದ ಮೇಲೆ ನಂಬಿಕೆಯಿದೆ ಎಂದರು, ಒಂದು ವರ್ಷದೊಳಗೆ ಗೆಲ್ಲುತ್ತೇವೆ ಎಂದು ಮಾತು ಕೊಟ್ಟರು.

ಮಾತು ಉಳಿಯಿತು. 1980ರ ಜುಲೈ 18ರಂದು ಎಸ್ಎಲ್‌ವಿ-3, 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದೂ ಪತ್ರಿಕಾಗೋಷ್ಠಿ ನಡೆಯಿತು. ಈ ಬಾರಿ ಧವನ್ ಹಿಂದೆ ಸರಿದು, ಗೋಷ್ಠಿಯನ್ನು ನೀವೇ ನಡೆಸಿ ಎಂದು ಕಲಾಂ ಅವರಿಗೆ ಹೇಳಿದರು.

ಕಥೆಯ ಇಷ್ಟು ಭಾಗ ಅನೇಕರಿಗೆ ಗೊತ್ತು. ಇದನ್ನು ದೊಡ್ಡ ಮನಸ್ಸಿನ ಹಿರಿಯರೊಬ್ಬರ ಔದಾರ್ಯವೆಂದು ಮೆಚ್ಚಿ ಬಿಟ್ಟುಬಿಡುವುದೂ ಉಂಟು. ಆದರೆ ಆ ಎರಡು ಪತ್ರಿಕಾಗೋಷ್ಠಿಗಳ ನಡುವಣ ಹನ್ನೊಂದು ತಿಂಗಳಲ್ಲಿ ಏನಾಯಿತೆಂಬುದನ್ನು ಗಮನಿಸಬೇಕು.

ಸೋಲಿನ ಕಾರಣವನ್ನು ಎಳೆಎಳೆಯಾಗಿ ಬಿಡಿಸಲಾಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ಕವಾಟ ಕಶ್ಮಲ ಸೇರಿದ್ದರಿಂದ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಉಡಾವಣೆಗೆ ಮುನ್ನವೇ ಅಲ್ಲಿಂದ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ಎರಡನೆಯ ಹಂತ ಹೊತ್ತಿಕೊಂಡಾಗ ರಾಕೆಟ್ಟನ್ನು ದಾರಿಗೆ ತರುವ ಶಕ್ತಿಯೇ ಉಳಿದಿರಲಿಲ್ಲ. ಸೋರಿಕೆ ಕೊನೆಯ ಗಳಿಗೆಯಲ್ಲಿ ಕಣ್ಣಿಗೆ ಬಿದ್ದಿತ್ತು. ಅದರಿಂದ ತೊಂದರೆಯಿಲ್ಲವೆಂದು ತೀರ್ಮಾನಿಸಿ ರಾಕೆಟ್ ಹಾರಿಸಲಾಗಿತ್ತು. ವಿಮರ್ಶಾ ಸಭೆಯಲ್ಲಿ ಕಲಾಂ ಎದ್ದು ನಿಂತು, ಆ ತೀರ್ಮಾನದ ಹೊಣೆ ತಮ್ಮದು, ಉಡಾವಣೆಯನ್ನು ತಾವು ತಡೆಯಬೇಕಿತ್ತು ಎಂದು ಎಲ್ಲರೆದುರು ಒಪ್ಪಿಕೊಂಡರು. ಹೀಗೆ ಒಪ್ಪಿಕೊಂಡ ಮೇಲೂ ಯೋಜನೆಯ ನೇತೃತ್ವ ಅವರ ಕೈಯಲ್ಲೇ ಉಳಿಯಿತು.

ಹೊರಗಿನವರ ಮುಂದೆ ಧವನ್ ತಮ್ಮವರಿಗೆ ಕೊಡೆ ಹಿಡಿದರು. ಒಳಗೆ ಮಾತ್ರ ಯಾವ ತಪ್ಪನ್ನೂ ಮುಚ್ಚಿಡಲು ಬಿಡಲಿಲ್ಲ. ಇವೆರಡೂ ಒಂದಕ್ಕೊಂದು ಬೇಕಾದವು. ರಾಕೆಟ್ಟಿನಲ್ಲಿ ಸಾವಿರಾರು ಬಿಡಿಭಾಗಗಳು, ಅವುಗಳ ಹಿಂದೆ ಸಾವಿರಾರು ಕೈಗಳು. ಸಣ್ಣ ಕವಾಟದ ಲೋಪವನ್ನು ಮೊದಲು ಕಾಣುವವನು ಅಧ್ಯಕ್ಷನಲ್ಲ, ಅದರ ಬಳಿ ನಿಂತು ಕೆಲಸ ಮಾಡುವವನು. ಬಾಯಿ ಬಿಟ್ಟರೆ ಕೆಲಸಕ್ಕೆ ಸಂಚಕಾರ ಎಂಬ ಭಯ ಅವನಿಗಿದ್ದರೆ ಕಂಡದ್ದು ಅವನಲ್ಲೇ ಉಳಿಯುತ್ತದೆ, ಮುಂದಿನ ರಾಕೆಟ್ಟೂ ಕಡಲಿಗೆ ಬೀಳುತ್ತದೆ. ವಿಮರ್ಶೆಯಿಲ್ಲದ ರಕ್ಷಣೆ ತಿಪ್ಪೆ ಸಾರಿಸುವ ಕೆಲಸ. ರಕ್ಷಣೆಯಿಲ್ಲದ ವಿಮರ್ಶೆ ಬಲಿ ಹುಡುಕುವ ಕೆಲಸ. ಧವನ್ ಕಾಲದಲ್ಲಿ ಇಸ್ರೋದಲ್ಲಿ ಬೇರೂರಿದ ವಿಮರ್ಶಾ ಸಮಿತಿಗಳ ಪದ್ಧತಿಗೆ ಈ ತಿಳಿವಳಿಕೆಯೇ ತಳಹದಿ.

ಅಂದು ಇನ್ನೊಬ್ಬ ಹಿರಿಯರ ನಡವಳಿಕೆಯೂ ನೆನೆಯುವಂಥದು. ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವನ್ನು ಕಟ್ಟಿ ಬೆಳೆಸಿದ ಡಾ. ಬ್ರಹ್ಮಪ್ರಕಾಶ್ ಅವರು, ಸೋತು ಸುಣ್ಣವಾಗಿ ಮಲಗಿದ್ದ ಕಲಾಂ ಅವರನ್ನು ಮಧ್ಯಾಹ್ನ ಕಳೆದ ಮೇಲೆ ಎಬ್ಬಿಸಿ ಊಟಕ್ಕೆ ಕರೆದೊಯ್ದರು. ಊಟದುದ್ದಕ್ಕೂ ರಾಕೆಟ್ಟಿನ ಮಾತೆತ್ತಲಿಲ್ಲ ಎಂದು ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಧವನ್ ಈ ಗುಣವನ್ನು ಅಧ್ಯಕ್ಷರಾದ ಮೇಲೆ ಕಲಿತವರಲ್ಲ. 1920ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ಅವರು ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದು, 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮವರ ಬಾಯಿಮಾತಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಅಲ್ಲಿ ಅವರ ಬಳಿ ಕೆಲಸಕ್ಕೆ ನಿಂತ ತರುಣರಲ್ಲಿ ಬೆಂಗಳೂರಿನ ರೊದ್ದಂ ನರಸಿಂಹ ಒಬ್ಬರು. ಗಾಳಿಯ ಹರಿವು ನಯದಿಂದ ಕ್ಷೋಭೆಗೆ ತಿರುಗುವ ಬಗೆಯನ್ನು ಕುರಿತು ಗುರು–ಶಿಷ್ಯರು ಜೊತೆಯಾಗಿ ಬರೆದ ಪ್ರಬಂಧ 1958ರಲ್ಲಿ ಹೊರಬಂದು ಲೋಕದ ಗಮನ ಸೆಳೆಯಿತು. ತಮಗೆ ಗುರುವಾಗಿದ್ದ ಲೀಪ್‌ಮನ್ ಅವರ ಬಳಿಯೇ ಮುಂದೆ ನರಸಿಂಹ ಸಹ ಓದಿದರು. ದೇಶಕ್ಕೆ ಮರಳಿ ವೈಮಾನಿಕ ವಿಜ್ಞಾನದಲ್ಲಿ ದೊಡ್ಡ ಹೆಸರಾದರು.

1971ರ ಡಿಸೆಂಬರ್ ಕೊನೆಯಲ್ಲಿ ವಿಕ್ರಂ ಸಾರಾಭಾಯಿ ಹಠಾತ್ತನೆ ತೀರಿಕೊಂಡಾಗ ಧವನ್ ಮತ್ತೆ ಕ್ಯಾಲ್ಟೆಕ್‌ನಲ್ಲಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರಲು ಪ್ರಧಾನಿ ಇಂದಿರಾ ಗಾಂಧಿಯವರಿಂದ ಕರೆ ಬಂತು. ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯಲ್ಲಿ ಮುಂದುವರಿಯಲು ಬಿಡಬೇಕು, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ಷರತ್ತುಗಳೊಡನೆ ಅವರು ಒಪ್ಪಿದರು. ಬೆಂಗಳೂರು ಬಾಹ್ಯಾಕಾಶ ನಗರಿಯಾದದ್ದು ಹೀಗೆ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರಿಗೆ ಉಪಗ್ರಹ ಕಟ್ಟುವ ಕೆಲಸ ವಹಿಸಿದಾಗ ಪೀಣ್ಯದ ಕೈಗಾರಿಕಾ ಶೆಡ್ಡುಗಳೇ ಪ್ರಯೋಗಾಲಯವಾದವು. ತಂಡದ ಬಹುತೇಕ ಎಂಜಿನಿಯರುಗಳು ಅದುವರೆಗೆ ಉಪಗ್ರಹವನ್ನೇ ಕಂಡವರಲ್ಲ. ಅವರು ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು.

ಹಿರಿಯರ ಕೊನೆಯ ಪರೀಕ್ಷೆ ಇರುವುದು ಕಿರಿಯರನ್ನು ಬಿಟ್ಟುಕೊಡುವುದರಲ್ಲಿ. 1982ರಲ್ಲಿ ಹೈದರಾಬಾದಿನ ಕ್ಷಿಪಣಿ ಪ್ರಯೋಗಾಲಯಕ್ಕೆ ಕಲಾಂ ಬೇಕಾದಾಗ, ಗೆದ್ದ ಕುದುರೆಯನ್ನು ಲಾಯದಲ್ಲೇ ಕಟ್ಟಿಹಾಕಿಕೊಳ್ಳುವ ಆಸೆ ಯಾರಿಗಾದರೂ ಹುಟ್ಟುವಂಥದು. ಧವನ್ ಅವರನ್ನು ಕಳುಹಿಸಿಕೊಟ್ಟರು. ಎರಡು ವರ್ಷದ ಬಳಿಕ ತಾವೂ ನಿವೃತ್ತರಾಗಿ ಇಸ್ರೋವನ್ನು ಯು.ಆರ್. ರಾವ್ ಅವರ ಕೈಗೆ ಒಪ್ಪಿಸಿದರು. ರಾವ್ ಕಾಲದಲ್ಲೂ ಸೋಲು ಬೆನ್ನು ಬಿಡಲಿಲ್ಲ. ಎಎಸ್ಎಲ್‌ವಿ ರಾಕೆಟ್ 1987ರಲ್ಲಿ ಬಿತ್ತು, 1988ರಲ್ಲಿ ಮತ್ತೆ ಬಿತ್ತು. ಯೋಜನೆಯನ್ನು ಕೈಬಿಡಲಿಲ್ಲ, ಕಾರಣ ಹುಡುಕಿ ತಿದ್ದಿದ ರಾಕೆಟ್ 1992ರಲ್ಲಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಧವನ್ 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಕಲಾಂ ರಾಷ್ಟ್ರಪತಿಯಾದರು. ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಸತೀಶ್ ಧವನ್ ಅವರ ಹೆಸರು ಬಂತು. ಆ ಎರಡು ಪತ್ರಿಕಾಗೋಷ್ಠಿಗಳ ಪ್ರಸಂಗ ದೇಶದ ಶಾಲೆ, ಕಾಲೇಜುಗಳಿಗೆಲ್ಲ ತಲುಪಿದ್ದು ಕಲಾಂ ಅವರ ಬಾಯಿಂದ. ಹೋದಲ್ಲೆಲ್ಲ ಅವರು ಅದನ್ನು ಹೇಳಿದರು. ಮೇಲಧಿಕಾರಿಯೊಬ್ಬ ಎಂಥವನೆಂದು ತಿಳಿಯಲು ಅವನ ಕೈಕೆಳಗೆ ದುಡಿದವರು ಅವನು ಕುರ್ಚಿ ಬಿಟ್ಟ ಮೇಲೆ ಆಡುವ ಮಾತಿಗೆ ಕಿವಿಗೊಟ್ಟರೆ ಸಾಕು.