ನೊರೆಯ ಚರಿತ್ರೆ: ಕ್ಷೌರದ ಸಾಬೂನಿನಿಂದ ಜೆಲ್‌ವರೆಗೆ

ವಿಜಯನಗರದಲ್ಲಿ ಸದಾಶಿವರಾಯನು ಪಟ್ಟದಲ್ಲಿದ್ದು, ಅಳಿಯ ರಾಮರಾಜನು ರಾಜ್ಯಸೂತ್ರಗಳನ್ನು ಹಿಡಿದಿದ್ದ ಕಾಲದ, ಎಂದರೆ ಕ್ರಿ. ಶ. 16ನೆಯ ಶತಮಾನದ ನಡುಭಾಗದ ಕೆಲವು ಕನ್ನಡ ಶಾಸನಗಳು ಒಂದು ಅಪೂರ್ವ ಸಂಗತಿಯನ್ನು ತಿಳಿಸುತ್ತವೆ. ಬಾದಾಮಿಯ ಕೊಂಡೋಜನೆಂಬ ನಾಯಿಂದನ ಕೆಲಸಕ್ಕೆ ಮೆಚ್ಚಿದ ರಾಮರಾಜನು ನಾಯಿಂದರು ತೆರಬೇಕಾಗಿದ್ದ ತೆರಿಗೆ, ಬಿಟ್ಟಿ ಮೊದಲಾದವುಗಳನ್ನು ಬಿಟ್ಟುಕೊಟ್ಟನು. ಯುದ್ಧದ ಕತ್ತಿಯನ್ನು ಹಿಡಿದವರ ಹೆಸರುಗಳು ನಮ್ಮ ಶಾಸನಗಳಲ್ಲಿ ಎಣಿಕೆಗೆ ಸಿಕ್ಕದಷ್ಟಿವೆ. ಕ್ಷೌರದ ಕತ್ತಿಯನ್ನು ಹಿಡಿದು ತನ್ನವರೆಲ್ಲರ ಹೊರೆಯನ್ನು ಇಳಿಸಿದವನ ಹೆಸರು ಕಲ್ಲಿನ ಮೇಲೆ ಉಳಿದಿರುವುದು ವಿರಳ. ಗಡ್ಡ ತೆಗೆಯುವಾಗ ಹಚ್ಚುವ ನೊರೆಯ ಚರಿತ್ರೆಯನ್ನು ವಿಚಾರಿಸುವವರು ಕೊಂಡೋಜನಿಂದ ಹೊರಡುವುದು ಯುಕ್ತವಾಗಿದೆ. ಏಕೆಂದರೆ ಆ ಚರಿತ್ರೆ ಬರಿಯ ಸಾಬೂನಿನದಲ್ಲ, ಅದನ್ನು ಹಚ್ಚುವ ಕೈಯದೂ ಆಗಿದೆ.

ಈ ಕಸುಬಿನ ಹೆಸರುಗಳೇ ಒಂದು ಚರಿತ್ರೆಯನ್ನು ಹೇಳುತ್ತವೆ. ಹಡಪವೆಂದರೆ ಎಲೆಯಡಿಕೆಯ ಚೀಲ. ಕ್ಷೌರಿಕನ ಸಲಕರಣೆಗಳ ಚೀಲಕ್ಕೂ ಅದೇ ಹೆಸರುಂಟು. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಸನಿಹದಲ್ಲಿದ್ದ ಹಡಪದ ಅಪ್ಪಣ್ಣನನ್ನು ಕರ್ನಾಟಕದ ಕ್ಷೌರಿಕ ಸಮಾಜವು ತನ್ನ ಮೂಲಪುರುಷನೆಂದು ಗೌರವಿಸುತ್ತದೆ. ಹಜಾಮನೆಂಬುದು ಅರಬ್ಬಿಯಿಂದ ಬಂದ ಶಬ್ದ; ಮೂಲದಲ್ಲಿ ಅದು ಕೊಂಬು ಹಚ್ಚಿ ರಕ್ತ ತೆಗೆಯುವ ಚಿಕಿತ್ಸಕನ ಹೆಸರು. ವೈದ್ಯವೃತ್ತಿಯಿಂದ ಹುಟ್ಟಿದ ಈ ಮಾತು ಕನ್ನಡದಲ್ಲಿ ಕಾಲಕ್ರಮೇಣ ಬೈಗುಳದ ಮಟ್ಟಕ್ಕೆ ಇಳಿಯಿತು. ಶಬ್ದವು ಕೆಟ್ಟದ್ದು ಕಸುಬಿನ ದೋಷದಿಂದಲ್ಲ, ಬಳಸಿದವರ ನಾಲಗೆಯಿಂದ.

ಕ್ಷೌರಕ್ಕೆ ಸಾಬೂನು ಬೇಕೇ ಬೇಕೆಂಬ ಭಾವನೆ ಇತ್ತೀಚಿನದು. ಹದಿನೈದು ದಿನಗಳ ಒಂದು ಪಕ್ಷದಲ್ಲಿ ಮೂರು ಸಲ ಕೂದಲು, ಗಡ್ಡ, ಉಗುರುಗಳನ್ನು ತೆಗೆಯಿಸಬೇಕೆಂದು ಚರಕಸಂಹಿತೆ ವಿಧಿಸುತ್ತದೆ. ಆದರೆ ಬಹುಕಾಲದವರೆಗೆ ನಮ್ಮ ನಾಯಿಂದನ ಸಾಧನಗಳು ಕತ್ತಿ, ಸಾಣೆಕಲ್ಲು, ನೀರಿನ ಬಟ್ಟಲು ಇಷ್ಟೇ. ಆತನು ನೀರನ್ನು ಮುಖಕ್ಕೆ ಚಿಮುಕಿಸಿ, ಬೆರಳ ತುದಿಗಳಿಂದ ಬಹಳ ಹೊತ್ತು ತಿಕ್ಕುತ್ತಿದ್ದನು. ಇದರಲ್ಲಿ ವಿಜ್ಞಾನವೂ ಇದೆ. ಒಣ ಕೂದಲು ಬಹು ಗಡಸು. ಬೆಚ್ಚನೆಯ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಅದು ನೀರು ಹೀರಿ ಉಬ್ಬಿ ಮೆದುವಾಗುತ್ತದೆ. ಆಗ ಕತ್ತಿಗೆ ಬೇಕಾದ ಬಲ ಬಹಳ ಕಡಿಮೆ. ಗಡ್ಡವನ್ನು ನಿಜವಾಗಿ ಮೆದು ಮಾಡುವುದು ನೀರೇ. ಸಾಬೂನಿನ ಕೆಲಸ ಆ ನೀರನ್ನು ಕೂದಲಿನ ಮೇಲೆ ಹಿಡಿದು ನಿಲ್ಲಿಸುವುದು, ಕೂದಲಿನ ಜಿಡ್ಡನ್ನು ಕಳೆಯುವುದು, ಕತ್ತಿಗೂ ಚರ್ಮಕ್ಕೂ ನಡುವೆ ಜಾರುವ ಪದರವನ್ನು ಒದಗಿಸುವುದು. ಗಾಯವಾದರೆ ಪಟಿಕವೂ ತಂಪಿಗೆ ಗಂಧವೂ ಇದ್ದವು.

ಸಾಬೂನೆಂಬ ಮಾತು ಅರಬ್ಬಿಯಲ್ಲಿಯೂ ಪೋರ್ತುಗೀಜಿನಲ್ಲಿಯೂ ಬಳಕೆಯಲ್ಲಿದ್ದು ಭಾರತೀಯ ಭಾಷೆಗಳಿಗೆ ಬಂದಿದೆ. ಅದಕ್ಕೆ ಮುಂಚೆ ನೊರೆಗಾಗಿ ಸೀಗೆ, ಅಂಟುವಾಳಗಳಿದ್ದವು. ಅವು ತಲೆಗೂ ಬಟ್ಟೆಗೂ ಸಂದವು, ಗಡ್ಡಕ್ಕೆ ಸಲ್ಲಲಿಲ್ಲ. ಕ್ಷೌರದ ಸಾಬೂನು ಕೊಬ್ಬನ್ನು ಕ್ಷಾರದೊಡನೆ ಕೂಡಿಸಿ ಮಾಡಿದ್ದಾದರೂ ಸ್ನಾನದ ಸಾಬೂನಿನಂತಲ್ಲ. ಸೋಡಾ ಕ್ಷಾರವು ಗಟ್ಟಿ ಬಿಲ್ಲೆಯನ್ನು ಕೊಡುತ್ತದೆ, ಪೊಟ್ಯಾಷ್ ಕ್ಷಾರವು ಮೆದು ಸಾಬೂನನ್ನು ಕೊಡುತ್ತದೆ. ಕ್ಷೌರಕ್ಕೆ ಇವೆರಡರ ಮಿಶ್ರಣ ಬೇಕು. ಸ್ಟಿಯರಿಕ್ ಆಮ್ಲದಿಂದ ದಟ್ಟವಾದ, ಬೇಗ ಆರದ ನೊರೆ ಬರುತ್ತದೆ. ಕೊಬ್ಬರಿ ಎಣ್ಣೆಯಿಂದ ಅದು ಬೇಗ ಏಳುತ್ತದೆ. ಗ್ಲಿಸರಿನ್ ತೇವವನ್ನು ಕಾಯುತ್ತದೆ. ಇಷ್ಟಾದರೂ ನೊರೆ ತಾನಾಗಿ ಹುಟ್ಟದು. ಕುಂಚವನ್ನು ನೆನೆಸಿ, ಬಟ್ಟಲಿನಲ್ಲಿ ತಿರುವಿ, ನೀರಿನ ಹದವನ್ನು ಕೈಯೇ ಅರಿಯಬೇಕು.

ಸಾಬೂನು ತಯಾರಿಕೆಯಲ್ಲಿ ಕನ್ನಡನಾಡು ಹಿಂದೆ ಬೀಳಲಿಲ್ಲ. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧವನ್ನು ಹೊರದೇಶಕ್ಕೆ ಕಳುಹಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಸ್ಥಾಪಿತವಾಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಿತು, ರಸಾಯನಶಾಸ್ತ್ರಜ್ಞ ಎಸ್. ಜಿ. ಶಾಸ್ತ್ರಿಗಳು ಅದಕ್ಕೆ ಪರಿಮಳದ ಹದವನ್ನು ತಂದುಕೊಟ್ಟರು.

ಅತ್ತ ಅಮೆರಿಕದಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತನು 1904ರಲ್ಲಿ ಬದಲಿಸಬಹುದಾದ ತೆಳುವಾದ ಅಲಗಿನ ರೇಜರಿಗೆ ಸನ್ನದು ಪಡೆದನು. ಇದರಿಂದ ಮನುಷ್ಯನು ಭಯವಿಲ್ಲದೆ ತನ್ನ ಮುಖವನ್ನು ತಾನೇ ಕ್ಷೌರ ಮಾಡಿಕೊಳ್ಳತೊಡಗಿದನು. ಕುಂಚವೇ ಬೇಡದ ಲೇಪವನ್ನು 1919ರಲ್ಲಿ ಫ್ರಾಂಕ್ ಶೀಲ್ಡ್ಸ್ ಎಂಬಾತನು ಬಾರ್ಬಸಾಲ್ ಎಂಬ ಹೆಸರಿನಿಂದ ತಂದನು. ಎರಡನೆಯ ಮಹಾಯುದ್ಧದಲ್ಲಿ ಕೀಟನಾಶಕಕ್ಕಾಗಿ ಹುಟ್ಟಿದ ಅನಿಲದ ಡಬ್ಬಿಯು 1950ರ ಸುಮಾರಿಗೆ ನೊರೆಯನ್ನು ಸಿದ್ಧವಾಗಿಯೇ ಉಗುಳಿತು. 1970ರಲ್ಲಿ ಎಸ್. ಸಿ. ಜಾನ್ಸನ್ ಕಂಪನಿಯ ಎಡ್ಜ್ ಎಂಬ ಜೆಲ್ ಪೇಟೆಗೆ ಬಂದಿತು.

ಜೆಲ್ ಹೊಸ ವಸ್ತುವೆಂದು ತೋರಿದರೂ ಅದರ ಒಡಲಿನಲ್ಲಿರುವುದು ಹಳೆಯ ಸಾಬೂನೇ. ಸ್ಟಿಯರಿಕ್, ಪಾಮಿಟಿಕ್ ಆಮ್ಲಗಳನ್ನು ಪೊಟ್ಯಾಷಿನ ಬದಲು ಸಾಮಾನ್ಯವಾಗಿ ಟ್ರೈಎಥನಾಲಮೀನ್ ಎಂಬ ಕ್ಷಾರದೊಡನೆ ಕೂಡಿಸಿರುತ್ತಾರೆ. ಅದರಲ್ಲಿ ಬೆರೆತ ಐಸೊಪೆಂಟೇನಿನಂತಹ ದ್ರವವು ಮೈಯ ಬಿಸಿಗೂ ಬೆರಳ ತಿಕ್ಕಾಟಕ್ಕೂ ಆವಿಯಾಗಿ ಜೆಲ್ಲನ್ನು ನೊರೆಯಾಗಿ ಅರಳಿಸುತ್ತದೆ. ಕುಂಚ ಹಿಡಿದ ಕೈ ಮಾಡುತ್ತಿದ್ದ ಕೆಲಸವನ್ನು ಅನಿಲವು ವಹಿಸಿಕೊಂಡಿತೆಂಬುದೇ ಇಲ್ಲಿನ ಮುಖ್ಯ ವ್ಯತ್ಯಾಸ. ನೊರೆಯೇ ಬಾರದ ಪಾರದರ್ಶಕ ಜೆಲ್ ಬೇರೆ ಜಾತಿಯದು. ಅದರ ಕೆಳಗೆ ಗಡ್ಡದ ಅಂಚು ಕಾಣುವುದರಿಂದ ಗಡ್ಡವನ್ನು ತಿದ್ದಿ ರೂಪಿಸುವ ಇಂದಿನ ಕುಶಲರಿಗೆ ಅದು ಅನುಕೂಲ.

ಯಾವುದು ಮೇಲೆಂಬುದನ್ನು ಊರಿನ ನೀರು ನಿರ್ಧರಿಸುವುದೂ ಉಂಟು. ಮಲ್ಕಾಜ್‌ಗಿರಿಯನ್ನೇ ತೆಗೆದುಕೊಳ್ಳಬಹುದು. ಮಲ್ಲಿಕಾರ್ಜುನಗಿರಿಯೇ ಜನರ ಬಾಯಲ್ಲಿ ಮಲ್ಕಾಜ್‌ಗಿರಿಯಾಯಿತೆಂಬ ಹೇಳಿಕೆಯುಳ್ಳ ಈ ಊರು ಸಿಕಂದರಾಬಾದಿನ ನೆರೆಯಲ್ಲಿದೆ. 2007ರಲ್ಲಿ ಮಹಾನಗರಪಾಲಿಕೆಯಲ್ಲಿ ಸೇರಿತು. ಇದು ಬಂಡೆಗಲ್ಲಿನ ನೆಲ. ಇಂತಹ ನೆಲದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಗಡಸು ನೀರಿನ ಸುಣ್ಣದಂಶವು ಸಾಬೂನಿನೊಡನೆ ಕೂಡಿ ಕರಗದ ಕರಣೆಯಾಗುತ್ತದೆ. ನೊರೆ ಏಳುವ ಮೊದಲೇ ಸಾಬೂನು ವ್ಯರ್ಥವಾಗುತ್ತದೆ. ಬಟ್ಟಲು ಕುಂಚಗಳ ಪದ್ಧತಿಗೆ ಮೆದು ನೀರು ಬೇಕು. ಡಬ್ಬಿಯ ಜೆಲ್ಲಿಗೆ ಹೊರಗಿನ ನೀರು ಸ್ವಲ್ಪವೇ ಸಾಕಾದುದರಿಂದ ಅದು ಅಷ್ಟಾಗಿ ಕೆಡದು. ಆದರೆ ಬೆಲೆಯಲ್ಲಿ ಬಿಲ್ಲೆಗೇ ಗೆಲುವು: ಒಂದು ಬಿಲ್ಲೆ ತಿಂಗಳುಗಟ್ಟಲೆ ಬಾಳುತ್ತದೆ, ಮತ್ತು ಬರಿದಾದ ಲೋಹದ ಡಬ್ಬಿಯನ್ನು ಉಳಿಸಿಹೋಗುವುದಿಲ್ಲ.

ಇಷ್ಟು ತುಲನೆಯಿಂದಲೇ ವಿಚಾರ ಮುಗಿಯುವುದಿಲ್ಲ. ಕ್ಷೌರದ ಕುರ್ಚಿಯಲ್ಲಿ ಯಾರು ಕುಳಿತುಕೊಳ್ಳಬಹುದೆಂಬುದು ನೊರೆಗಿಂತ ದೊಡ್ಡ ಪ್ರಶ್ನೆ. ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ಮಾಡಬಾರದೆಂಬ ಕಟ್ಟು ಇದ್ದಿತು. ಮೇಲ್ಜಾತಿಯವರ ಭಯದಿಂದ ಆ ಕಟ್ಟನ್ನು ಪಾಲಿಸಿದ ಕ್ಷೌರಿಕನು ತಾನೂ ಅವರ ಅಂಗಳದಲ್ಲಿಯೇ ಕುಳಿತು ಕೆಲಸ ಮಾಡಬೇಕಾಗಿದ್ದಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಅಧಿನಿಯಮವು ಅಂಗಡಿ ಮತ್ತು ಸೇವೆಗಳಲ್ಲಿ ಅದನ್ನು ಆಚರಿಸುವುದನ್ನು ಶಿಕ್ಷಾರ್ಹವನ್ನಾಗಿ ಮಾಡಿತು. ಆದರೂ ಕ್ಷೌರದಂಗಡಿಗಳಲ್ಲಿ ದಲಿತರನ್ನು ಹಿಂದಿರುಗಿಸಿದ ವಾರ್ತೆಗಳು ಈ ಶತಮಾನದಲ್ಲಿಯೂ ಕರ್ನಾಟಕದಿಂದ ಬಂದಿವೆ. ಮುಖದ ಜಿಡ್ಡನ್ನು ತೆಗೆಯುವ ಸಾಬೂನು ಈ ಜಿಡ್ಡನ್ನು ತೆಗೆಯಲಾರದು. ನಗರದ ಅಂಗಡಿಯಾದರೋ ಈ ವಿಷಯದಲ್ಲಿ ಹಳ್ಳಿಗಿಂತ ಉದಾರ. ಹೆಸರು ಕುಲಗಳನ್ನು ಕೇಳದೆ, ಸರದಿ ಬಂದವನ ಕೊರಳಿಗೆ ಅಲ್ಲಿ ಬಟ್ಟೆ ಕಟ್ಟುತ್ತಾರೆ. ಬೀದರಿನಿಂದಲೂ ರಾಯಚೂರಿನಿಂದಲೂ ಹೈದರಾಬಾದಿಗೆ ಬಂದ ಕನ್ನಡಿಗರಿಗೆ ಈ ಕುರ್ಚಿಯ ಸಮತೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಜೆಲ್ಲಿನ ಡಬ್ಬಿ ಗಂಡಸನ್ನು ಮನೆಯ ಕನ್ನಡಿಯ ಮುಂದೆ ಒಬ್ಬನನ್ನಾಗಿ ನಿಲ್ಲಿಸಿದೆ. ಅದು ಅವನಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು, ಕ್ಷೌರಿಕನಿಂದ ನಿತ್ಯದ ಸಂಪಾದನೆಯ ಒಂದು ಭಾಗವನ್ನು ಕಿತ್ತುಕೊಂಡಿತು. ಎರಡೂ ನಿಜ. ಆತನು ಕೇಶಾಲಂಕಾರದಲ್ಲಿ, ಗಡ್ಡದ ರೂಪಗಳಲ್ಲಿ ಹೊಸ ಕುಶಲತೆಯನ್ನು ಕಲಿತು ಉಳಿದುಕೊಂಡಿದ್ದಾನೆ. ಪ್ರತಿಯೊಬ್ಬನಿಗೂ ಹೊಸ ಅಲಗನ್ನು ಬಳಸುವ ಆರೋಗ್ಯಕರ ರೂಢಿಯನ್ನೂ ಬೆಳೆಸಿಕೊಂಡಿದ್ದಾನೆ. 2021ರ ಏಪ್ರಿಲಿನಿಂದ ತೆಲಂಗಾಣ ಸರ್ಕಾರವು ಕ್ಷೌರದಂಗಡಿಗಳಿಗೆ ತಿಂಗಳಿಗೆ 250 ಯೂನಿಟ್ಟುಗಳವರೆಗೆ ಉಚಿತ ವಿದ್ಯುತ್ತನ್ನು ಕೊಡುವ ಯೋಜನೆಯನ್ನು ಆರಂಭಿಸಿತು. ರಾಮರಾಜನ ಮನ್ನಾ ಒಬ್ಬ ಪ್ರಭುವಿನ ಮೆಚ್ಚುಗೆಯಿಂದ ಹುಟ್ಟಿತು. ಇದು ಮತ ಹಾಕುವ ಪ್ರಜೆಗಳ ಹಕ್ಕಿನ ಅರಿವಿನಿಂದ ಹುಟ್ಟಿತು. ಎರಡರ ನಡುವೆ ನಾಲ್ಕೂ ಮುಕ್ಕಾಲು ಶತಮಾನಗಳು ಕಳೆದಿವೆ. ನೀರು ಸಾಬೂನಾಗಿ, ಸಾಬೂನು ಲೇಪವಾಗಿ, ಲೇಪವು ಜೆಲ್ಲಾಗಿದೆ. ಆದರೆ ಇನ್ನೊಬ್ಬನ ಹರಿತವಾದ ಅಲಗಿಗೆ ತನ್ನ ಕೊರಳನ್ನು ಒಡ್ಡಿ ನಿಶ್ಚಿಂತೆಯಿಂದ ಕಣ್ಣು ಮುಚ್ಚುವ ನಂಬಿಕೆ ಮಾತ್ರ ಕೊಂಡೋಜನ ಕಾಲದಲ್ಲಿದ್ದಂತೆಯೇ ಇದೆ. ಆ ನಂಬಿಕೆಗೆ ತಕ್ಕ ಗೌರವವನ್ನು ಆ ಕೈಗೆ ಸಲ್ಲಿಸುವುದು ಸಮಾಜದ ತೀರದ ಋಣ.