ನೌಗಾಂವ್‌ನ ಪರಖದಾರ

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ಕೂಟದ ಸಭೆ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಾಗಿತ್ತು. ಹಿರಿಯ ಮಿತ್ರರೊಬ್ಬರು ಮೊಬೈಲನ್ನು ನಮ್ಮೆದುರು ಹಿಡಿದರು. ಕೆನಡಾದಲ್ಲಿರುವ ಅವರ ಮಗ ಹಿತ್ತಲಿನಲ್ಲಿ, ದೊಡ್ಡ ದೊಡ್ಡ ಬಟ್ಟೆಯ ಕುಂಡಗಳಲ್ಲಿ ಬೆಳೆಸಿದ ನಾಲ್ಕು ಗಿಡಗಳ ಚಿತ್ರ. ಗಿಡಗಳು ಹುಡುಗನಿಗಿಂತ ಎತ್ತರ. ಎರೆಗೊಬ್ಬರ, ಕೊಳೆತ ಎಲೆ, ಹಿಂಡಿ ಬಿಟ್ಟರೆ ಒಂದು ಚಮಚ ರಾಸಾಯನಿಕವನ್ನೂ ಹಾಕಿಲ್ಲವಂತೆ ಎಂದು ಹೆಮ್ಮೆಯಿಂದ ವಿವರಿಸಿದ ಮಿತ್ರರು, ಆಮೇಲೆ ದನಿ ತಗ್ಗಿಸಿ, "ಗಾಂಜಾ ಕಣ್ರೀ" ಎಂದರು. 2018ರ ಅಕ್ಟೋಬರಿನಿಂದ ಆ ದೇಶದ ಕಾನೂನು ಮನೆಯೊಂದಕ್ಕೆ ನಾಲ್ಕು ಗಿಡಗಳನ್ನು ಬೆಳೆಯಲು ಬಹುತೇಕ ಪ್ರಾಂತ್ಯಗಳಲ್ಲಿ ಅನುಮತಿ ನೀಡಿದೆ. ಆದರೂ ದೆಹಲಿಯ ಒಂದು ಕನ್ನಡ ಸಭೆಯಲ್ಲಿ ಆ ಪದವನ್ನು ಗಟ್ಟಿಯಾಗಿ ಹೇಳುವುದು ಅವರಿಗೆ ಕಷ್ಟವಾಯಿತು.

ನಮಗೆ ತೋಚಿದ್ದು ಬೇರೆಯೇ ಪ್ರಶ್ನೆ. ನಾವು ವಾಸವಾಗಿರುವ ಸರ್ಕಾರಿ ವಸತಿಗೃಹಗಳ ಹಿಂದಿನ ಪಾಳು ಜಾಗದಲ್ಲಿ ಇದೇ ಗಿಡ ಯಾರೂ ಬಿತ್ತದೆ, ಯಾರೂ ನೀರೆರೆಯದೆ ಪ್ರತಿ ವರ್ಷ ಎದ್ದು ನಿಲ್ಲುತ್ತದೆ. ರೈಲು ಹಳಿಗಳ ಬದಿಯಲ್ಲೂ ಅದೇ. ನಮ್ಮೂರಿನ ಕಡೆ ಭಂಗಿ ಸೊಪ್ಪು ಎಂದು ಕರೆಯುತ್ತಿದ್ದ ಈ ಕಳೆಗಿಡಕ್ಕೆ ಇಷ್ಟೊಂದು ಗೊಬ್ಬರ, ಇಷ್ಟೊಂದು ಆರೈಕೆ ಏಕೆ? ಉತ್ತರವನ್ನು ಹುಡುಕುತ್ತ ಹೋದ ನಾವು ತಲುಪಿದ್ದು ಒಂದು ಸರ್ಕಾರಿ ವರದಿಗೆ. ಕಡತಗಳ ನಡುವೆಯೇ ಅರ್ಧ ಆಯುಷ್ಯ ಕಳೆದವರಿಗೆ ಇದು ಅನಿರೀಕ್ಷಿತವೇನಲ್ಲ. ಆದರೆ ಸರ್ಕಾರಿ ವರದಿಯೊಂದನ್ನು ನಿದ್ದೆಗೆಟ್ಟು ಓದಿದ್ದು ನಮಗೆ ಅದೇ ಮೊದಲು.

1893ರ ಮಾರ್ಚ್ ತಿಂಗಳಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯಲ್ಲಿ ಪಾನನಿರೋಧವಾದಿಯಾಗಿದ್ದ ಸದಸ್ಯ ಡಬ್ಲ್ಯು. ಎಸ್. ಕೇನ್ ಬಂಗಾಳದ ಗಾಂಜಾ ಕುರಿತು ಪ್ರಶ್ನೆ ಎತ್ತಿದರು. ಅದರ ಫಲವಾಗಿ ಅದೇ ವರ್ಷದ ಜುಲೈನಲ್ಲಿ ಭಾರತ ಸರ್ಕಾರ 'ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್' ಎಂಬ ಆಯೋಗವನ್ನು ನೇಮಿಸಿತು. ಅಧ್ಯಕ್ಷರು ಮ್ಯಾಕ್‌ವರ್ತ್ ಯಂಗ್. ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಆಯೋಗ ಊರೂರು ಸುತ್ತಿತು, ವೈದ್ಯರು, ಅಬಕಾರಿ ಅಧಿಕಾರಿಗಳು, ಬೆಳೆಗಾರರು, ವ್ಯಾಪಾರಿಗಳು, ಸಾಧುಗಳು ಸೇರಿದಂತೆ 1193 ಸಾಕ್ಷಿಗಳ ಹೇಳಿಕೆ ಪಡೆಯಿತು. 1894ರ ಆಗಸ್ಟ್‌ನಲ್ಲಿ ಸಿಮ್ಲಾದಲ್ಲಿ ವರದಿಗೆ ಸಹಿ ಬಿತ್ತು. ಅನುಬಂಧಗಳೂ ಸೇರಿ ಏಳು ಸಂಪುಟಗಳು, ಮೂರು ಸಾವಿರಕ್ಕೂ ಹೆಚ್ಚು ಪುಟಗಳು. ಎಲ್ಲವನ್ನೂ ಓದಿದೆವೆಂದು ಹೇಳುವ ಧೈರ್ಯ ನಮಗಿಲ್ಲ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇಸಾಯವನ್ನು ಕುರಿತ ಭಾಗ. ಬಂಗಾಳದ ರಾಜಶಾಹಿ ಜಿಲ್ಲೆಯ ನೌಗಾಂವ್ (ಇಂದು ಬಾಂಗ್ಲಾದೇಶದಲ್ಲಿದೆ) ಮತ್ತು ಅದಕ್ಕೆ ಹೊಂದಿದ ದಿನಾಜಪುರ, ಬೋಗ್ರಾ ಜಿಲ್ಲೆಗಳ ಕೆಲವು ಹಳ್ಳಿಗಳು ಸೇರಿ 'ಗಾಂಜಾ ಮಹಲ್' ಎನಿಸಿಕೊಂಡಿದ್ದವು. ಇದನ್ನು ಕುರಿತು 1877ರಲ್ಲಿಯೇ ಹೇಮಚಂದ್ರ ಕರ್ ಎಂಬ ಬಂಗಾಳಿ ಅಧಿಕಾರಿ ವಿವರವಾದ ವರದಿ ಬರೆದಿದ್ದರು. ಆಯೋಗದ ಕಾಲಕ್ಕೆ ಕಲ್ಕತ್ತೆಯ ಸಸ್ಯೋದ್ಯಾನದ ಡೇವಿಡ್ ಪ್ರೇನ್ ಇನ್ನೊಂದನ್ನು ಬರೆದರು. ಈ ಪ್ರೇನ್ ಮುಂದೆ ಲಂಡನ್ನಿನ ಕ್ಯೂ ಉದ್ಯಾನದ ನಿರ್ದೇಶಕರಾದರು.

ನೌಗಾಂವ್‌ನ ರೈತ ಗಾಂಜಾಕ್ಕಾಗಿ ಆರಿಸುತ್ತಿದ್ದುದು ನೀರು ನಿಲ್ಲದ, ಎತ್ತರದ, ಹಗುರ ಮರಳುಮಿಶ್ರಿತ ಭೂಮಿಯನ್ನು. ಮರದ ನೆರಳು ಬೀಳಬಾರದು. ಸುತ್ತಲಿನ ಜಾಗದ ಮೇಲ್ಮಣ್ಣನ್ನು ಹೊತ್ತು ತಂದು ಹೊಲಕ್ಕೆ ಸುರಿಯುತ್ತಿದ್ದ. ಮತ್ತೆ ಮತ್ತೆ ಉಳುತ್ತಿದ್ದ. ಮಡಿಯಲ್ಲಿ ಆಗಸ್ಟ್ ಸುಮಾರಿಗೆ ಬೀಜ ಚೆಲ್ಲಿ, ಮಳೆ ಹಿಂದೆಗೆದ ಮೇಲೆ ಸಸಿಗಳನ್ನು ಏರಿ ಕಟ್ಟಿದ ಹೊಲಕ್ಕೆ ನಾಟಿ ಮಾಡುತ್ತಿದ್ದ. ಸಗಣಿ ಗೊಬ್ಬರ, ಸಾಸಿವೆ ಹಿಂಡಿ ಹಾಕಿ, ಬುಡಕ್ಕೆ ಮಣ್ಣೇರಿಸಿ, ಕೆಳಗಿನ ಕೊಂಬೆಗಳನ್ನು ಸವರುತ್ತಿದ್ದ. ನಮ್ಮ ಮಿತ್ರರ ಮಗ ಕುಂಡದಲ್ಲಿ ಕಲಸಿದ್ದೂ ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸವಿಷ್ಟೇ, ಅವನದು ಅಂಗಡಿಯಿಂದ ಚೀಲದಲ್ಲಿ ಬಂದಿತ್ತು.

ಆದರೆ ಗೊಬ್ಬರ ಅರ್ಧ ಕಥೆ ಮಾತ್ರ. ಈ ಸಸ್ಯದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಾಂಜಾ ಎಂದರೆ ಪರಾಗ ತಾಗದ ಹೆಣ್ಣು ಗಿಡದ ಹೂಗೊಂಚಲು. ಪರಾಗ ತಾಗಿತೋ, ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗುತ್ತದೆ. ಅಂಟು ಕಡಿಮೆಯಾಗುತ್ತದೆ, ಬೆಲೆ ಬೀಳುತ್ತದೆ. ಹಿತ್ತಲಿನ ಪಾಳು ಜಾಗದ ಗಿಡಗಳು ಭಂಗಿಯಾಗಿಯೇ ಉಳಿಯಲು ಇದೂ ಒಂದು ಕಾರಣ: ಅಲ್ಲಿ ಗಂಡು ಹೆಣ್ಣು ಕೂಡಿಯೇ ಬೆಳೆಯುತ್ತವೆ. ಪರಾಗ ಹರಡುವುದು ಗಾಳಿಯಲ್ಲಿ. ಆದ್ದರಿಂದ ಒಬ್ಬನ ಹೊಲದಲ್ಲಿ ಕಣ್ತಪ್ಪಿ ಉಳಿದ ಗಂಡು ಗಿಡ ಪಕ್ಕದವನ ವರ್ಷದ ದುಡಿಮೆಯನ್ನೂ ಹಾಳುಮಾಡಬಲ್ಲದು.

ಇಲ್ಲಿ ಬರುತ್ತಾನೆ ಪರಖದಾರ. ಪೋದ್ದಾರ ಎಂಬ ಹೆಸರೂ ಅವನಿಗಿತ್ತು. ಇಂಗ್ಲಿಷ್ ಅಧಿಕಾರಿಗಳು 'ಗಾಂಜಾ ಡಾಕ್ಟರ್' ಎಂದು ಬರೆದರು. ಪರಖ್ ಎಂದರೆ ಪರೀಕ್ಷೆ. ನವೆಂಬರ್ ಹೊತ್ತಿಗೆ ಹೂವಿನ ಮೊದಲ ಸುಳಿವು ಕಾಣುತ್ತಲೇ ಅವನನ್ನು ಕರೆಸುತ್ತಿದ್ದರು. ಅವನು ಸಾಲುಸಾಲಾಗಿ ನಡೆಯುತ್ತ ಗಂಡು ಗಿಡಗಳನ್ನು ಗುರುತು ಮಾಡುತ್ತಿದ್ದ. ರೈತ ಹಿಂದಿನಿಂದ ಬಂದು ಕೀಳುತ್ತಿದ್ದ. ಹೂವು ಪೂರ್ತಿ ಬಿರಿದ ಮೇಲೆ ಯಾರಾದರೂ ಹೇಳಿಯಾರು. ಬಿರಿಯುವ ಮೊದಲೇ, ಗೆಣ್ಣಿನ ಸಂದಿಯ ಒಂದು ಚಿಕ್ಕ ಮೊಗ್ಗನ್ನು ನೋಡಿ, ಸಾವಿರಾರು ಗಿಡಗಳ ನಡುವೆ ನಡೆಯುತ್ತಲೇ ತೀರ್ಪು ಹೇಳಬೇಕಾದವನು ಅವನು. ತಪ್ಪಿ ಹೆಣ್ಣು ಗಿಡವನ್ನು ಕೀಳಿಸಿದರೆ ರೈತನಿಗೆ ನಷ್ಟ, ಗಂಡನ್ನು ಬಿಟ್ಟರೆ ಊರಿಗೇ ನಷ್ಟ.

ಈ ಕೆಲಸ ಎಷ್ಟು ಸೂಕ್ಷ್ಮವಾದದ್ದೆಂಬುದಕ್ಕೆ ಇಂಗ್ಲಿಷ್ ಭಾಷೆಯೇ ಸಾಕ್ಷಿ. ಹಿಂದೆ ಇಂಗ್ಲೆಂಡಿನ ರೈತರು ನಾರಿಗಾಗಿ ಇದೇ ಜಾತಿಯ ಗಿಡವನ್ನು ಬೆಳೆಯುತ್ತಿದ್ದರು. ಬೇಗ ಬಾಡುವ ತೆಳು ಗಿಡಕ್ಕೆ ಅವರು 'ಫಿಂಬಲ್' ಎಂದರು, ಅಂದರೆ ಹೆಣ್ಣು. ಬೀಜ ಹೊತ್ತು ದಪ್ಪಗೆ ನಿಲ್ಲುವುದಕ್ಕೆ 'ಕಾರ್ಲ್', ಅಂದರೆ ಗಂಡಾಳು. ಎರಡೂ ತಿರುಗುಮುರುಗು! ಹದಿನಾರನೆಯ ಶತಮಾನದ ಥಾಮಸ್ ಟಸ್ಸರನ ಕೃಷಿಪದ್ಯಗಳಲ್ಲಿ ಈ ಹೆಸರುಗಳಿವೆ. ಎಂ.ಎ. ತರಗತಿಯಲ್ಲಿ ನಾವು ಟಸ್ಸರನನ್ನು ಅಡಿಟಿಪ್ಪಣಿಯೆಂದು ಹಾರಿಸಿ ಓದಿದವರು. ಇಪ್ಪತ್ತು ವರ್ಷಗಳ ಮೇಲೆ ಗಾಂಜಾ ವರದಿಯ ದಾರಿಯಲ್ಲಿ ಅವನೇ ಎದುರಾದ. ಬೀಜ ಹೊರುವುದನ್ನು ಗಂಡೆಂದು ಕರೆದ ಆ ರೈತರ ಮನಸ್ಸಿನಲ್ಲಿ ಬಲವೆಂದರೆ ಗಂಡು ಎಂಬ ಎಣಿಕೆ ಎಷ್ಟು ಗಟ್ಟಿಯಾಗಿತ್ತೋ!

ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು. ಗೊಂಚಲುಗಳನ್ನು ಕಾಲಿನಿಂದ ತುಳಿದು ಒತ್ತಿದರೆ ಚಪ್ಪಟೆ ಗಾಂಜಾ, ಉರುಳಿಸಿ ಸುತ್ತಿದರೆ ಗೋಲ್ ಗಾಂಜಾ, ಉದುರಿದ್ದು ಚೂರ್. ಪರವಾನಗಿಯಿಲ್ಲದೆ ಬೆಳೆಯುವಂತಿಲ್ಲ, ಬೆಳೆದದ್ದು ಸರ್ಕಾರದ ಮೇಲ್ವಿಚಾರಣೆಯ ಗೋದಾಮಿಗೆ, ಅಲ್ಲಿನವರ ಮಾತಿನಲ್ಲಿ ಗೋಲಾಕ್ಕೆ, ಹೋಗಬೇಕು, ಹೊರಬರುವಾಗ ತೂಕದ ಮೇಲೆ ಸುಂಕ. ಈ ಬಂಗಾಳದ ಪದ್ಧತಿಯನ್ನೇ ಆಯೋಗ ಮಾದರಿಯೆಂದು ಎತ್ತಿಹಿಡಿಯಿತು: ನಿಷೇಧ ಬೇಡ, ಬೇಸಾಯ ಕೆಲವೇ ಕಡೆ ಇರಲಿ, ಸುಂಕ ಇರಲಿ, ಮಿತ ಬಳಕೆಯಿಂದ ಗಮನಾರ್ಹ ಹಾನಿ ಕಾಣದು. ಸುಂಕದ ಆಸೆಯೇ ಈ ತೀರ್ಮಾನವನ್ನು ಬರೆಸಿತೆಂದು ಹೇಳುವುದು ಸುಲಭ; ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಮೂವರು ಭಾರತೀಯ ಸದಸ್ಯರಲ್ಲಿ ಇಬ್ಬರು, ತಾಹಿರಪುರದ ರಾಜಾ ಶಶಿಶೇಖರೇಶ್ವರ ರಾಯ್ ಮತ್ತು ಲಾಲಾ ನಿಹಾಲ್ ಚಂದ್, ಭಿನ್ನಮತದ ಟಿಪ್ಪಣಿ ಬರೆದರೆಂಬುದನ್ನೂ ಮರೆಯುವಂತಿಲ್ಲ. ಜನರ ನಡುವೆ ಬಾಳಿದವರಿಗೆ ಕಂಡದ್ದು ಬೇರೆಯಿದ್ದೀತು.

ಆದರೆ ನಮ್ಮ ಅನುಮಾನವನ್ನು ಸಡಿಲಿಸಿದ್ದು ಹುಚ್ಚಾಸ್ಪತ್ರೆಗಳ (ಆಗಿನ ಮಾತು ಅದೇ) ಕುರಿತ ಅಧ್ಯಾಯ. ಗಾಂಜಾ ಸೇದಿದವರಿಗೆ ಹುಚ್ಚು ಹಿಡಿಯುತ್ತದೆ ಎಂಬುದಕ್ಕೆ ಆಧಾರವಾಗಿದ್ದುದು ಆಸ್ಪತ್ರೆಗಳ ಅಂಕಿಅಂಶ. 1892ರಲ್ಲಿ ದಾಖಲಾದ 1344 ಜನರಲ್ಲಿ 222 ಮಂದಿಯ ಹುಚ್ಚಿಗೆ ಗಾಂಜಾದಂಥ ವಸ್ತುಗಳೇ ಕಾರಣವೆಂದು ನಮೂದಾಗಿತ್ತು. ಆಯೋಗ ಆ ಅಂಕಿಯನ್ನು ಹಾಗೆಯೇ ಎತ್ತಿ ಬರೆದುಕೊಳ್ಳಲಿಲ್ಲ. ಒಂದೊಂದು ಪ್ರಕರಣವನ್ನೂ ರೋಗಿಯ ಊರಿನವರೆಗೆ ಹಿಂಬಾಲಿಸಿ ವಿಚಾರಿಸಿತು. ಆಗ ತಿಳಿದದ್ದೇನು? ರೋಗಿಯನ್ನು ಕರೆತರುವ ಪೊಲೀಸಿನವನ ಕೈಯಲ್ಲಿ ಒಂದು ನಮೂನೆ. ಅದರಲ್ಲಿ 'ಕಾರಣ' ಎಂಬ ಅಂಕಣ. ಅದನ್ನು ಖಾಲಿ ಬಿಡುವಂತಿಲ್ಲ. ರೋಗಿ ಗಾಂಜಾ ಸೇದುತ್ತಿದ್ದನೆಂದು ಯಾರಾದರೂ ಹೇಳಿದರೆ ಸಾಕು, ಅಂಕಣ ತುಂಬಿತು. ಆಸ್ಪತ್ರೆಯವರು ಅದನ್ನೇ ನಕಲು ಮಾಡಿದರು, ವಾರ್ಷಿಕ ವರದಿಯಲ್ಲಿ ಅದು ಅಂಕಿಯಾಯಿತು, ಅಂಕಿ ಸತ್ಯವಾಯಿತು. ಮರುವಿಚಾರಣೆಯ ಬಳಿಕ 222ರ ಸಂಖ್ಯೆ 98ಕ್ಕೆ ಇಳಿಯಿತು. ಅದರಲ್ಲಿಯೂ ಬೇರೆ ಕಾರಣ ಕಾಣದೆ ಉಳಿದವು 61 ಮಾತ್ರ.

ಖಾಲಿ ಅಂಕಣಗಳನ್ನು ನಾವೂ ತುಂಬಿದ್ದೇವೆ. ಸಂಜೆ ಐದೂವರೆಯ ಹೊತ್ತಿಗೆ ಮೇಲಿನವರು 'ವಿಳಂಬಕ್ಕೆ ಕಾರಣ' ಕೇಳಿದಾಗ, ಯಾರೂ ಮರುಪ್ರಶ್ನಿಸದ ಒಂದು ಪದ ನಮ್ಮ ಕೈಗೆ ತಾನಾಗಿ ಬರುತ್ತದೆ. ಅಂಥ ಪದವೊಂದನ್ನು ಹಿಡಿದು ಹಿಂದಕ್ಕೆ ನಡೆದು, ಅದರ ಹಿಂದಿದ್ದ ಮನುಷ್ಯನ ಮನೆಯವರೆಗೆ ಯಾರಾದರೂ ಹೋದದ್ದನ್ನು ನಮ್ಮ ಸೇವೆಯ ಅವಧಿಯಲ್ಲಿ ಕಂಡಿಲ್ಲ.

ಹಾಗೆಂದು ಈ ವರದಿಯನ್ನು ಇಂದಿನ ಗಾಂಜಾಕ್ಕೆ ಕೊಟ್ಟ ಪ್ರಮಾಣಪತ್ರವೆಂದು ಝಳಪಿಸುವವರೊಂದಿಗೆ ನಾವಿಲ್ಲ. ತಳಿಗಾರರು ಈಚಿನ ದಶಕಗಳಲ್ಲಿ ರೂಪಿಸಿದ ಗಿಡಗಳ ಅಮಲು ಬೇರೆ. 61 ಎಂಬುದು ಸೊನ್ನೆಯೂ ಅಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ನೌಗಾಂವ್‌ನ ಬೆಳೆಗಾರರು 1917ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. 1947ರಲ್ಲಿ ಆ ಹೊಲಗಳು ಗಡಿಯಾಚೆ ಉಳಿದವು. 1961ರ ಅಂತರರಾಷ್ಟ್ರೀಯ ಒಪ್ಪಂದ ಇಂಥ ಬಳಕೆಯನ್ನು ಕೊನೆಗಾಣಿಸಲು ಇಪ್ಪತ್ತೈದು ವರ್ಷಗಳ ಗಡುವು ಕೊಟ್ಟಿತು. ಭಾರತದಲ್ಲಿ 1985ರ ಮಾದಕವಸ್ತು ಕಾಯಿದೆ ಬಂದಿತು. ಆ ಕಾಯಿದೆ ಗಾಂಜಾ ಎನ್ನುವುದು ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿಗಳನ್ನು. ಆ ತುದಿಗಳ ಜೊತೆಯಿಲ್ಲದ ಎಲೆಯನ್ನೂ ಬೀಜವನ್ನೂ ಅದು ಹೊರಗಿಡುತ್ತದೆ. ಹೋಳಿಯ ದಿನ ಉತ್ತರದ ಕೆಲವು ಊರುಗಳಲ್ಲಿ ಸರ್ಕಾರಿ ಪರವಾನಗಿಯ ಅಂಗಡಿಯಲ್ಲಿಯೇ ಭಂಗಿ ಸಿಗುವುದು ಈ ಗೆರೆಯಿಂದಾಗಿ. ನಮ್ಮ ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗುವುದನ್ನು ಪತ್ರಿಕೆಗಳು ಬರೆದಾಗ ಪ್ರಶ್ನೆ ಎದ್ದದ್ದೂ ಇದೇ ಗೆರೆಯ ಮೇಲೆ. ಎಲೆಗೂ ಹೂವಿಗೂ ನಡುವಣ ಆ ಗೆರೆಯ ಬೆಲೆಯನ್ನು ಶಾಸನ ಬರೆದವರಿಗಿಂತ ಮೊದಲು ಬಲ್ಲವನು ಪರಖದಾರ. ನಾವು ಓದಿದ ಪುಟಗಳಲ್ಲಿ ಅಧಿಕಾರಿಗಳ ಹೆಸರುಗಳೆಲ್ಲ ಬಿರುದುಬಾವಲಿ ಸಹಿತ ಇವೆ. ಒಬ್ಬ ಪರಖದಾರನ ಹೆಸರೂ ಸಿಗಲಿಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಮಿತ್ರರಿಗೆ ಇದನ್ನೆಲ್ಲ ಹೇಳಿದೆವು. ಅವರು ನಕ್ಕು ಮಗನಿಗೆ ಅಲ್ಲಿಂದಲೇ ಫೋನು ಹಚ್ಚಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಲ್, ನಾಲ್ಕರಲ್ಲಿ ಒಂದು ಗಂಡಾಗಿತ್ತು. ಗೊತ್ತಾದಾಗ ತಡವಾಗಿತ್ತು. ಉಳಿದ ಮೂರೂ ಬರೀ ಬೀಜ" ಎಂದ.